ರಿವಾಲ್ವರ್ ತೋಟೆಯ ಲಿವರ್ ರೈಫಲ್: ಹಳೆಯದನ್ನು ಹುಡುಕಿ, ಪರೀಕ್ಷಿಸಿ, ಖುಷಿಯಿಂದ ಬಳಸುವ ಬಗೆ

ಕೊಡಗಿನ ನಮ್ಮ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ಕೈಲ್‌ಪೊಳ್ದ್ ಹಬ್ಬ ಬಂತೆಂದರೆ ಕೋವಿಗೆ ಪೂಜೆ. ದೀಪದ ಮುಂದೆ ಒಡಿಕತ್ತಿಯ ಪಕ್ಕ ಕೋವಿ ಇಟ್ಟು, ನಳಿಗೆಯ ಬಾಯಿಗೆ ತೋಕ್‌ಪೂ ಎಂಬ ಹೂವು ಸಿಕ್ಕಿಸುತ್ತಿದ್ದರು. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಅಜ್ಜನ ಹತ್ತಿರ ಇದ್ದದ್ದು ಒಂಟಿ ನಳಿಗೆಯ ಹಳೆಯ ತೋಟೆ ಕೋವಿ. ಅದನ್ನು ಯಾರ ಕೈಗೆ ಕೊಟ್ಟರೂ ಅವರು ಹೇಳುತ್ತಿದ್ದದ್ದು ಒಂದೇ: "ಮೊದಲು ಬಿಚ್ಚಿ ನೋಡು." ಟೆಕ್ಸಾಸ್‌ಗೆ ಬಂದು ಇಷ್ಟು ವರ್ಷ ಆದರೂ ನಾನು ಕೋವಿ ನೋಡುವುದು ಆ ಮಾತಿನಿಂದಲೇ ಶುರುವಾಗುತ್ತದೆ.

ಈ ಬರಹ ಅಮೆರಿಕದಲ್ಲಿ ಇರುವ, ಕಾನೂನು ಪ್ರಕಾರ ಕೋವಿ ಕೊಳ್ಳಬಲ್ಲ ಕನ್ನಡಿಗರಿಗೆ. ವಿಷಯ ಚಿಕ್ಕದು, ಆದರೆ ಆಳ ಇದೆ. ರಿವಾಲ್ವರಿಗೆ ಹಾಕುವ ತೋಟೆಯನ್ನೇ ನುಂಗುವ, ಟ್ರಿಗರ್ ಕೆಳಗಿನ ಬಳೆಯಂಥ ಲಿವರ್ ಎಳೆದು ತೋಟೆ ತುಂಬುವ ರೈಫಲ್. ಅದರಲ್ಲೂ ಸೆಕೆಂಡ್ ಹ್ಯಾಂಡ್. ಹೊಸದು ಯಾಕೆ ಬೇಡ ಅಂದರೆ, ಒಳ್ಳೆಯ ಹಳೆಯ ಲಿವರ್ ರೈಫಲ್ ಸಾವಿರಾರು ಸಲ ಎಳೆದು ನುಣುಪಾಗಿರುತ್ತದೆ. ಆ ನುಣುಪು ಹೊಸ ಡಬ್ಬಿಯಲ್ಲಿ ಸಿಗುವುದು ಅಪರೂಪ. ಅದನ್ನು ಕೈಯಿಂದ ಗುರುತಿಸಲು ಕಲಿಯಬೇಕು, ಅಷ್ಟೇ.

ರೈಫಲ್‌ಗೆ ಇಷ್ಟು ಚಿಕ್ಕ ತೋಟೆ ಯಾಕೆ?

ಇದು ಹೊಸ ಯೋಚನೆ ಅಲ್ಲ. 1873ರಲ್ಲಿ ವಿಂಚೆಸ್ಟರ್ ಕಂಪನಿ ತನ್ನ ಹೆಸರಾಂತ ಮಾಡೆಲ್ ತಂದಾಗ ಅದರ ಜೊತೆ ಬಂದ ತೋಟೆ 44-40. ಕೆಲವೇ ವರ್ಷಗಳಲ್ಲಿ ಕೋಲ್ಟ್ ಕಂಪನಿ ಅದೇ ತೋಟೆಗೆ ತನ್ನ ರಿವಾಲ್ವರ್ ಮಾಡಿತು. ಸೊಂಟಕ್ಕೆ ಒಂದೇ ಬೆಲ್ಟು, ಒಂದೇ ತೋಟೆ, ಎರಡು ಕೋವಿ. ದೂರದ ಹುಲ್ಲುಗಾವಲಿನಲ್ಲಿ ದನ ಕಾಯುವವನಿಗೆ ಅದು ದೊಡ್ಡ ಅನುಕೂಲ.

ಇವತ್ತಿನ ಅನುಕೂಲ ಬೇರೆ. ಒಂದು, ಉದ್ದ ನಳಿಗೆಯಲ್ಲಿ ಮದ್ದು ಪೂರ್ತಿ ಕೆಲಸ ಮಾಡುತ್ತದೆ. 158 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡಿನ .357 ಮ್ಯಾಗ್ನಮ್ ತೋಟೆ 4 ಇಂಚಿನ ರಿವಾಲ್ವರಿನಿಂದ ಸೆಕೆಂಡಿಗೆ ಸುಮಾರು 1,250 ಅಡಿ ವೇಗದಲ್ಲಿ ಹೊರಟರೆ, ರೈಫಲ್‌ನಿಂದ 1,700 ಅಡಿ ದಾಟುವುದು ಮಾಮೂಲು. ಎರಡು, ಭುಜಕ್ಕೆ ಒದೆತ ಕಡಿಮೆ. ಮೂರು, ಅದೇ .357 ರೈಫಲ್‌ಗೆ .38 ಸ್ಪೆಷಲ್ ಹಾಕಿದರೆ ಸದ್ದೂ ಕಮ್ಮಿ, ಖರ್ಚೂ ಕಮ್ಮಿ. ಮೊದಲ ಸಲ ಗುರಿ ಹಿಡಿಯುವವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ನನಗೆ ಗೊತ್ತಿಲ್ಲ.

ಎಲ್ಲಕ್ಕಿಂತ ಮೊದಲು: ನಿಮ್ಮ ವೀಸಾ ಯಾವುದು?

ಇದನ್ನು ದಯವಿಟ್ಟು ಹಾರಿಸಿ ಓದಬೇಡಿ. ಎಚ್-1ಬಿ, ಎಲ್-1, ಎಫ್-1, ವಿಸಿಟರ್ ವೀಸಾ, ಹೀಗೆ ವಲಸೆಯೇತರ ವೀಸಾದಲ್ಲಿ ಬಂದವರು ಕೋವಿಯನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಕೊಳ್ಳುವುದು ಮಾತ್ರ ಅಲ್ಲ, ಗೆಳೆಯನ ರೈಫಲ್ ರೇಂಜ್‌ನಲ್ಲಿ ಕೈಗೆತ್ತಿಕೊಂಡರೂ ಅದು "ಇಟ್ಟುಕೊಂಡ" ಲೆಕ್ಕಕ್ಕೆ ಬರಬಹುದು. ಅಮೆರಿಕದಲ್ಲಿ ಕೊಟ್ಟ ಚಾಲ್ತಿ ಬೇಟೆ ಲೈಸೆನ್ಸ್ ಇದ್ದವರಿಗೆ ಒಂದು ವಿನಾಯಿತಿ ಉಂಟು. ಆದರೆ ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತಿರುವವರು ವಕೀಲರನ್ನು ಕೇಳದೆ ಅದನ್ನು ನಂಬಿ ಹೊರಡಬೇಡಿ. ಹತ್ತು ವರ್ಷ ಕಾದ ಕಾರ್ಡ್ ಒಂದು ಶನಿವಾರದ ಆಟಕ್ಕೆ ಹೋಗಬಾರದು ಅಲ್ವಾ?

ಗ್ರೀನ್ ಕಾರ್ಡ್ ಇದ್ದವರು ಮತ್ತು ಪ್ರಜೆಗಳು ಕೊಳ್ಳಬಹುದು. ಅಂಗಡಿಯಿಂದ ರೈಫಲ್ ಕೊಳ್ಳಲು ಫೆಡರಲ್ ಕಾನೂನಿನಲ್ಲಿ 18 ವರ್ಷ ಆಗಿರಬೇಕು. ಕೆಲವು ರಾಜ್ಯಗಳು 21 ಕೇಳುತ್ತವೆ. ನ್ಯೂಜೆರ್ಸಿಯಲ್ಲಿ ಮೊದಲು ಖರೀದಿದಾರರ ಗುರುತಿನ ಚೀಟಿ ಮಾಡಿಸಬೇಕು. ಇಲಿನಾಯ್‌ನಲ್ಲಿ ಫಾಯ್ಡ್ (ಎಫ್‌ಒಐಡಿ) ಎಂಬ ಕೋವಿ ಮಾಲೀಕರ ಗುರುತಿನ ಕಾರ್ಡ್ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಸುರಕ್ಷತಾ ಪರೀಕ್ಷೆ ಪಾಸಾಗಬೇಕು, ದುಡ್ಡು ಕೊಟ್ಟ ಮೇಲೂ 10 ದಿನ ಕಾಯಬೇಕು. ನಿಮ್ಮ ರಾಜ್ಯದ ನಿಯಮ ಓದಿಯೇ ಮುಂದೆ ಹೋಗಿ.

ಇನ್ನೊಂದು ಮಾತು. ವೀಸಾದಲ್ಲಿರುವ ಗೆಳೆಯ "ನಿನ್ನ ಹೆಸರಲ್ಲಿ ಕೊಂಡುಕೊಡು, ದುಡ್ಡು ನಾನು ಕೊಡ್ತೀನಿ" ಅಂದರೆ ಬೇಡ ಎನ್ನಿ. ಬೇರೆಯವರ ಪರವಾಗಿ ಸುಳ್ಳು ಹೇಳಿ ಕೊಳ್ಳುವುದು ದೊಡ್ಡ ಅಪರಾಧ. ಎಷ್ಟೇ ಹತ್ತಿರದವನಾದರೂ ಬೇಡ.

ತೋಟೆ ಮೊದಲು, ರೈಫಲ್ ಆಮೇಲೆ

ಹೆಚ್ಚಿನವರು ಅಂಗಡಿಗೆ ಹೋಗಿ ಚೆಂದದ ಮರ, ಹೊಳೆಯುವ ಹಿತ್ತಾಳೆ ನೋಡಿ ಮರುಳಾಗುತ್ತಾರೆ. ನಾನೂ ಆಗಿದ್ದೆ. ಮೊದಲು ತೋಟೆ ಯಾವುದೆಂದು ತೀರ್ಮಾನಿಸಿ. ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

.357 ಮ್ಯಾಗ್ನಮ್ 1935ರಲ್ಲಿ ಬಂದದ್ದು. ಮೊದಲ ರೈಫಲ್‌ಗೆ ನನ್ನ ಸಲಹೆ ಇದೇ. .38 ಸ್ಪೆಷಲ್ ಕೂಡ ಹಾಕಬಹುದು, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಒದೆತ ಮೃದು.

.44 ಮ್ಯಾಗ್ನಮ್ ಬೇಟೆಗೆ ಹೋಗುವವರಿಗೆ. 240 ಗ್ರೇನ್ ಗುಂಡು ರೈಫಲ್‌ನಿಂದ 1,700 ಅಡಿ ವೇಗದ ಆಸುಪಾಸಿನಲ್ಲಿ ಹೋಗುತ್ತದೆ. ಜಿಂಕೆಗೆ ಬೇಕಾದಷ್ಟಾಯಿತು. ಬರೀ ತಗಡಿಗೆ ಹೊಡೆಯಲು ಇದು ಜಾಸ್ತಿಯೇ ಆಯಿತು, ತೋಟೆಯ ಬೆಲೆಯೂ ಜಾಸ್ತಿ. ಆದರೆ ಇದರಲ್ಲಿ ಮೃದುವಾದ .44 ಸ್ಪೆಷಲ್ ಹಾಕುವ ದಾರಿ ಇದೆ.

.45 ಕೋಲ್ಟ್ ಹೆಸರಿನಲ್ಲಿ ಹಳೆಯ ಮೋಡಿ ಇದೆ. ಆದರೆ 19ನೇ ಶತಮಾನದಲ್ಲಿ ಈ ತೋಟೆಗೆ ಲಿವರ್ ರೈಫಲ್ ಬರಲೇ ಇಲ್ಲ. ಕೇಸನ್ನು ಹಿಡಿದು ಹೊರಗೆಳೆಯಲು ಬೇಕಾದ ತೋಟೆಯ ಹಿಂಬದಿಯ ಅಂಚು ಆಗ ತೀರಾ ಸಣ್ಣದಿತ್ತು. ಈಗಿನ ರೈಫಲ್‌ಗಳಲ್ಲಿ ಚೆನ್ನಾಗಿ ಓಡುತ್ತದೆ. ಒಂದು ಎಚ್ಚರಿಕೆ: ಅಂಗಡಿಯಲ್ಲಿ ಸಿಗುವ ಜೋರು ಮದ್ದಿನ .45 ಕೋಲ್ಟ್ ತೋಟೆಗಳನ್ನು 1873 ಮಾದರಿಯ ರೈಫಲ್‌ಗೆ ಎಂದಿಗೂ ಹಾಕಬೇಡಿ.

44-40, 38-40, 32-20 ಇವು ಮೂರೂ ಹಳೆಯ ಕಾಲದ ತೋಟೆಗಳು. ಸಿಗುವುದು ಕಷ್ಟ, ದುಬಾರಿ. ತೋಟೆಯನ್ನು ಮನೆಯಲ್ಲೇ ತುಂಬಿಕೊಳ್ಳುವ ಹವ್ಯಾಸ ಇದ್ದವರಿಗೆ ಮಾತ್ರ ಸರಿ.

ಯಾರು ಮಾಡಿದ್ದು, ಯಾವ ಕಾಲದ್ದು

ಮಾರ್ಲಿನ್ 1894 ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಸೆಕೆಂಡ್ ಹ್ಯಾಂಡ್ ಸಾಲಿನಲ್ಲಿ ಜನ ಹೆಚ್ಚು ಹುಡುಕುವುದು ಇದನ್ನೇ. ಮಾಡೆಲ್ ಹೆಸರೇ ಹೇಳುವಂತೆ ಹುಟ್ಟಿದ್ದು 1894ರಲ್ಲಿ. ನಡುವೆ ನಿಂತುಹೋಗಿ, 1969ರಲ್ಲಿ .44 ಮ್ಯಾಗ್ನಮ್ ಜೊತೆ ಮತ್ತೆ ಬಂತು. .357 ಬಂದದ್ದು 1979ರಲ್ಲಿ. ಕನೆಕ್ಟಿಕಟ್‌ನ ನಾರ್ತ್ ಹೇವನ್ ಕಾರ್ಖಾನೆಯಲ್ಲಿ ಆದ ರೈಫಲ್‌ಗಳ ನಳಿಗೆ ಮೇಲೆ, ರಿಸೀವರ್ (ಯಂತ್ರಭಾಗ ಕೂರುವ ಲೋಹದ ಒಡಲು) ಹತ್ತಿರ, "ಜೆಎಂ" ಎಂಬ ಪುಟ್ಟ ಮುದ್ರೆ ಇರುತ್ತದೆ. ಜಾನ್ ಮಾರ್ಲಿನ್ ಹೆಸರಿನ ಎರಡು ಅಕ್ಷರ. ರೆಮಿಂಗ್ಟನ್ ಕಂಪನಿ ಮಾರ್ಲಿನ್ ಕೊಂಡ ಮೇಲೆ ಕೆಲಸ ನ್ಯೂಯಾರ್ಕ್‌ನ ಇಲಿಯನ್‌ಗೆ ಹೋಯಿತು. ಮುದ್ರೆ "ಆರ್‌ಇಪಿ" ಆಯಿತು. ಆ ಕಾಲದ ಮೊದಲ ವರ್ಷಗಳ ರೈಫಲ್‌ಗಳ ಮೇಲೆ ದೂರು ಜಾಸ್ತಿ: ವಾರೆ ನಿಂತ ಸೈಟು, ಸರಿಯಾಗಿ ಕೂರದ ಮರ. ನಂತರದವು ಸುಧಾರಿಸಿದವು. 2020ರಲ್ಲಿ ರೆಮಿಂಗ್ಟನ್ ದಿವಾಳಿಯಾದಾಗ ರೂಗರ್ ಮಾರ್ಲಿನ್ ಹೆಸರನ್ನು ಕೊಂಡು, ಈಗ ನಾರ್ತ್ ಕೆರೊಲಿನಾದಲ್ಲಿ ಮಾಡುತ್ತಿದೆ. ಕೆಲಸ ಚೊಕ್ಕವಾಗಿದೆ.

ಜೆಎಂ ಮಾರ್ಲಿನ್‌ನ ವಯಸ್ಸು ಕಂಡುಹಿಡಿಯಲು ಸುಲಭದ ಲೆಕ್ಕ ಒಂದಿದೆ. 1973ರಿಂದ ಮುಂದಿನವಕ್ಕೆ, ಸೀರಿಯಲ್ ನಂಬರಿನ ಮೊದಲ ಎರಡು ಅಂಕಿಯನ್ನು 100ರಿಂದ ಕಳೆಯಿರಿ. 20ರಿಂದ ಶುರುವಾದರೆ 80, ಅಂದರೆ 1980. 98ರಿಂದ ಶುರುವಾದರೆ 2, ಅಂದರೆ 2002. ಅಂಗಡಿಯವರಿಗೇ ಕೆಲವು ಸಲ ಇದು ಗೊತ್ತಿರುವುದಿಲ್ಲ.

ಆದರೆ ಜೆಎಂ ಮುದ್ರೆಗೇ ನೂರಾರು ಡಾಲರ್ ಜಾಸ್ತಿ ಕೇಳುವ ಕಾಲ ಇದು. ಮುದ್ರೆ ಗುಂಡು ಹೊಡೆಯುವುದಿಲ್ಲ. ಲಿವರ್ ಎಳೆದು ನೋಡದೆ ಮುದ್ರೆಗೆ ದುಡ್ಡು ಕೊಡಬೇಡಿ.

ಜೇಬು ಹಗುರ ಇದ್ದವರಿಗೆ ರೋಸಿ 92. ಜಾನ್ ಬ್ರೌನಿಂಗ್ ರೂಪಿಸಿದ ವಿಂಚೆಸ್ಟರ್ 1892ರ ಬ್ರೆಜಿಲ್ ನಕಲು. ಮೂಲ ವಿನ್ಯಾಸವೇ ಗಟ್ಟಿ, ಹಾಗಾಗಿ ಮ್ಯಾಗ್ನಮ್ ಒತ್ತಡ ಇದಕ್ಕೆ ಭಾರ ಅಲ್ಲ. ಇಂಟರ್‌ಆರ್ಮ್ಸ್ ಕಂಪನಿ ತರಿಸುತ್ತಿದ್ದ ಕಾಲದ "ಪ್ಯೂಮಾ" ರೈಫಲ್‌ಗಳು ಈಗಲೂ ಸಿಗುತ್ತವೆ. ಆಮೇಲಿನ ಅನೇಕ ರೋಸಿಗಳ ಬೋಲ್ಟ್ (ತೋಟೆಯ ಹಿಂದೆ ಮುಚ್ಚುವ ಲೋಹದ ತುಂಡು) ಮೇಲೆ ಒಂದು ಪುಟ್ಟ ಸೇಫ್ಟಿ ಇದೆ. ಹಳೆಯದರಲ್ಲಿ ಅದು ಇಲ್ಲ, ನೋಡಲು ಚೊಕ್ಕ. ರೋಸಿಯ ಸ್ಪ್ರಿಂಗುಗಳು ಬಿಗಿ, ಒಳ ಅಂಚುಗಳು ಒರಟು. ಹಿಂದಿನ ಯಜಮಾನ ಸ್ಪ್ರಿಂಗ್ ಬದಲಿಸಿ ಅಂಚು ಉಜ್ಜಿಸಿದ್ದರೆ ಅದು ನಿಮ್ಮ ಅದೃಷ್ಟ.

ಅದೇ 92 ವಿನ್ಯಾಸವನ್ನು ಬ್ರೌನಿಂಗ್ ಹೆಸರಿನಲ್ಲಿ ಜಪಾನಿನ ಮಿರೋಕು ಮಾಡಿದ ಬಿ-92 ಕಣ್ಣಿಗೆ ಬಿದ್ದರೆ ನಿಂತು ನೋಡಿ. ಅದರ ಕೆಲಸ ಗಡಿಯಾರದಂತಿದೆ. ಬೆಲೆಯೂ ಹಾಗೆಯೇ.

1873 ಮತ್ತು 1866ರ ನಕಲುಗಳನ್ನು ಇಟಲಿಯ ಉಬರ್ಟಿ ಮಾಡುತ್ತದೆ. ಸಿಮರಾನ್, ಟೇಲರ್ಸ್ ಹೆಸರಿನಲ್ಲೂ ಬರುತ್ತವೆ. ಲಿವರ್ ಬೆಣ್ಣೆಯಂತೆ ಜಾರುತ್ತದೆ, ಆದರೆ ಒಳಗಿನ ಮಡಚುವ ಕೊಂಡಿ 92ರ ಬೀಗದಷ್ಟು ಗಟ್ಟಿ ಅಲ್ಲ. ಹೆನ್ರಿ ಕಂಪನಿಯ ಬಿಗ್ ಬಾಯ್ ಭಾರ ಜಾಸ್ತಿ, ಒದೆತ ಕಮ್ಮಿ. ಹಳೆಯವನ್ನು ನಳಿಗೆ ಕೆಳಗಿನ ಕೊಳವೆಯ ತುದಿಯಿಂದ ತುಂಬಬೇಕು, ಪಕ್ಕದ ಬಾಗಿಲು ಇಲ್ಲ. ವಿಂಚೆಸ್ಟರ್ 94ರಲ್ಲೂ .357, .44 ಬಂದಿವೆ. ಆದರೆ ಅದರ ಒಳಜಾಗ ಉದ್ದದ 30-30 ತೋಟೆಗೆ ಅಳೆದದ್ದು. ಗಿಡ್ಡ ತೋಟೆಗೆ ನಾನು ಅದನ್ನು ಆರಿಸುವುದಿಲ್ಲ.

ಎಲ್ಲಿ ಹುಡುಕುವುದು

ನಿಮ್ಮ ಊರಿನ ಚಿಕ್ಕ ಕೋವಿ ಅಂಗಡಿಯಿಂದ ಶುರು ಮಾಡಿ. ಹಳೆಯ ಬೇಟೆಗಾರರು ತೀರಿಕೊಂಡ ಮೇಲೆ ಮನೆಯವರು ಕೋವಿಗಳನ್ನು ಅಲ್ಲೇ ಕೊಡುತ್ತಾರೆ. ತಿಂಗಳಿಗೊಮ್ಮೆ ಹೋಗಿ ಮಾತಾಡಿಸಿ, ಏನು ಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟು ಬನ್ನಿ. ನನ್ನ ಒಳ್ಳೆಯ ರೈಫಲ್ ಸಿಕ್ಕಿದ್ದು ಹೀಗೆಯೇ, ಚೀಟಿ ಕೊಟ್ಟ ಏಳನೆಯ ತಿಂಗಳಲ್ಲಿ.

ಗಿರವಿ ಅಂಗಡಿಗಳನ್ನೂ ಬಿಡಬೇಡಿ. ಗನ್ ಶೋಗೆ ಹೋದರೆ ಮೊದಲ ಸುತ್ತು ಬರೀ ನೋಡಿ, ಎರಡನೆಯ ಸುತ್ತಿನಲ್ಲಿ ಕೈಗೆತ್ತಿಕೊಳ್ಳಿ. ಗನ್‌ಬ್ರೋಕರ್‌ನಂಥ ಆನ್‌ಲೈನ್ ಹರಾಜಿನಲ್ಲಿ ಆಯ್ಕೆ ಬಹಳ, ಆದರೆ ಕೈಯಲ್ಲಿ ಹಿಡಿದು ನೋಡಲಾಗದು. ಆನ್‌ಲೈನ್ ಬೆಲೆ ತಿಳಿಯಬೇಕೆಂದರೆ ಕೇಳುತ್ತಿರುವ ಬೆಲೆ ನೋಡಬೇಡಿ, ಮಾರಾಟ ಮುಗಿದ ಹರಾಜುಗಳ ಬೆಲೆ ನೋಡಿ. ಬೇರೆ ರಾಜ್ಯದಿಂದ ಬರುವ ರೈಫಲ್ ನೇರ ನಿಮ್ಮ ಮನೆಗೆ ಬರುವುದಿಲ್ಲ. ಫೆಡರಲ್ ಲೈಸೆನ್ಸ್ ಇರುವ ಊರಿನ ಅಂಗಡಿಗೆ ಬರುತ್ತದೆ, ಅವರ ಶುಲ್ಕ ಬೇರೆ. ಕೊಳ್ಳುವ ಮೊದಲೇ ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ಕೌಂಟರಿನ ಮುಂದೆ ಹದಿನೈದು ನಿಮಿಷ

ನನ್ನ ಮೊದಲ ಲಿವರ್ ರೈಫಲ್ ಕೊಂಡದ್ದು ಐದು ನಿಮಿಷದಲ್ಲಿ. ಮರ ಚೆನ್ನಾಗಿತ್ತು, ಬೇರೆ ಗಿರಾಕಿ ಪಕ್ಕದಲ್ಲಿ ನಿಂತಿದ್ದ. ಎರಡನೆಯ ಸಲ ರೇಂಜ್‌ಗೆ ಹೋದಾಗ ಲಿವರ್ ಅರ್ಧಕ್ಕೆ ಸಿಕ್ಕಿಕೊಂಡಿತು. ಮುಂದೂ ಹೋಗಲಿಲ್ಲ, ಹಿಂದೂ ಬರಲಿಲ್ಲ. ರಿಪೇರಿಗೆ ಕೊಟ್ಟು ಆರು ವಾರ ಕಾದೆ. ಆಗ ಕಲಿತ ಕ್ರಮ ಇದು.

ಮೊದಲು ಬಿಚ್ಚಿ ನೋಡಿ. ನಳಿಗೆ ಯಾರ ಕಡೆಗೂ ತಿರುಗಿರಬಾರದು, ಬೆರಳು ಟ್ರಿಗರ್ ಹೊರಗೆ. ಲಿವರ್ ಪೂರ್ತಿ ಇಳಿಸಿ, ತೋಟೆ ಕೂರುವ ಗೂಡಿಗೆ ಕಣ್ಣೂ ಬೆರಳೂ ಹಾಕಿ ನೋಡಿ. ಅಷ್ಟೇ ಸಾಲದು. ಲಿವರ್ ರೈಫಲ್‌ನಲ್ಲಿ ಒಂದು ತೋಟೆ ಕೆಳಗಿನ ಕೊಳವೆಯಲ್ಲೋ, ಮೇಲೆತ್ತುವ ತೊಟ್ಟಿಲಿನ ಮೇಲೋ ಅಡಗಿ ಕೂತಿರಬಹುದು. ತೊಟ್ಟಿಲಿನಲ್ಲಿ ಏನೂ ಇಲ್ಲ, ಕೊಳವೆಯ ಬಾಯಲ್ಲಿ ಒಳಗಿನ ತಳ್ಳುಬಿಲ್ಲೆ ಮಾತ್ರ ಕಾಣುತ್ತಿದೆ ಎಂದು ಖಾತ್ರಿ ಮಾಡಿಕೊಳ್ಳಿ.

ಆಮೇಲೆ ಸ್ಕ್ರೂಗಳು. ಹೊಳಪಿಗಿಂತ ಮೊದಲು ನಾನು ನೋಡುವುದು ಇದನ್ನು. ಸ್ಕ್ರೂ ತಲೆಯ ಸೀಳು ಕಿತ್ತುಹೋಗಿದ್ದರೆ, ತಿಳಿಯದವರು ಯಾರೋ ಒಳಗೆ ಕೈ ಹಾಕಿದ್ದಾರೆ ಎಂದರ್ಥ. ಬಣ್ಣ ಮಾಸಿದ್ದು ತಪ್ಪಲ್ಲ. ಹೊತ್ತು ತಿರುಗಿದ ರೈಫಲ್‌ನ ರಿಸೀವರ್ ತಳ ಬೆಳ್ಳಗಾಗುವುದು ಸಹಜ. ಆದರೆ ಮುಂದಿನ ಮರ ಮತ್ತು ಲೋಹ ಸೇರುವ ಗೆರೆಯಲ್ಲಿ, ಭುಜಕ್ಕೆ ತಾಗುವ ಹಿಂದಿನ ಪಟ್ಟಿಯ ಅಂಚಿನಲ್ಲಿ ಕೆಂಪು ತುಕ್ಕು ಇದೆಯಾ ನೋಡಿ. ಕೈ ಹಿಡಿಯುವ ಸಪೂರ ಭಾಗದ ಮರದಲ್ಲಿ, ಲೋಹದ ಬಾಲ ಕೂರುವ ಜಾಗದ ಹಿಂದೆ, ಕೂದಲೆಳೆಯಂಥ ಬಿರುಕು ಬರುತ್ತದೆ. ಬೆಳಕಿಗೆ ಓರೆ ಹಿಡಿದರೆ ಮಾತ್ರ ಕಾಣುತ್ತದೆ.

ನಳಿಗೆ ಒಳಗೆ ಬೆಳಕು ಬಿಡಿ. ಪುಟ್ಟ ಟಾರ್ಚ್ ಜೇಬಲ್ಲಿ ಇರಲಿ. ಒಳಗಿನ ಸುರುಳಿ ಗೆರೆಗಳು ಚೂಪಾಗಿ ಕಾಣಬೇಕು. ಮಾರ್ಲಿನ್‌ನ ಮೈಕ್ರೋ ಗ್ರೂವ್ ನಳಿಗೆಯಲ್ಲಿ ಗೆರೆಗಳೇ ಆಳ ಇಲ್ಲ, ಸವೆದಿದೆ ಎಂದು ಹೆದರಬೇಡಿ. ಬೂದು ಮಚ್ಚೆ ಒರೆಸಿದರೆ ಹೋಗಬಹುದು, ಅದು ಸೀಸ. ಗುಳಿ ಹೋಗುವುದಿಲ್ಲ. ನಳಿಗೆಯ ಬಾಯಂಚಿನಲ್ಲಿ ಪೆಟ್ಟು ಬಿದ್ದಿದ್ದರೆ ಗುರಿ ಕೆಡುತ್ತದೆ. .357 ರೈಫಲ್ ಆದರೆ ಗೂಡಿನೊಳಗೆ ಒಂದು ಕಪ್ಪು ಉಂಗುರ ಇದೆಯಾ ಗಮನಿಸಿ. ಗಿಡ್ಡ .38 ತೋಟೆಗಳನ್ನು ಹೊಡೆದು ಹೊಡೆದು ಅದರ ಬಾಯಿ ನಿಲ್ಲುವ ಜಾಗದಲ್ಲಿ ಮಸಿ ಕಟ್ಟಿರುತ್ತದೆ. ಅದು ತೊಳೆದರೆ ಹೋಗುವ ಕೊಳೆ. ಚೌಕಾಸಿಗೆ ಒಂದು ಕಾರಣ, ಬಿಟ್ಟು ಬರಲು ಕಾರಣ ಅಲ್ಲ.

ಈಗ ಮುಖ್ಯ ಕೆಲಸ. ಅಂಗಡಿಯವರ ಒಪ್ಪಿಗೆ ಕೇಳಿ ಲಿವರ್ ಎಳೆಯಿರಿ. ಮೊದಲ ಹತ್ತು ಸಲ ತೀರಾ ನಿಧಾನ, ಅಕ್ಕಿ ಆರಿಸುವಷ್ಟು ನಿಧಾನ. ಎಲ್ಲಿ ತಡೆಯುತ್ತದೆ, ಎಲ್ಲಿ ಕಿರಗುಟ್ಟುತ್ತದೆ, ಎಲ್ಲಿ ಹಾರುತ್ತದೆ, ಎಲ್ಲ ಕೈಗೆ ತಿಳಿಯುತ್ತದೆ. ಜೋರಾಗಿ ಎಳೆದರೆ ವೇಗ ಎಲ್ಲ ದೋಷವನ್ನೂ ಮುಚ್ಚಿಬಿಡುತ್ತದೆ. ಇಡೀ ಪರೀಕ್ಷೆಯಲ್ಲಿ ಒಂದನ್ನೇ ಮಾಡಲು ಸಮಯ ಇದ್ದರೆ ಇದನ್ನೇ ಮಾಡಿ. ಮುದ್ರೆ, ಮರ, ಹೆಸರು ಯಾವುದೂ ಈ ಹತ್ತು ಎಳೆತದಷ್ಟು ನಿಜ ಹೇಳುವುದಿಲ್ಲ.

ಸಾಧ್ಯವಾದರೆ ಅದೇ ಅಳತೆಯ ನಾಲ್ಕೈದು ಡಮ್ಮಿ ತೋಟೆ ಒಯ್ಯಿರಿ. ಮದ್ದೂ ಅದನ್ನು ಹೊತ್ತಿಸುವ ಕೇಪೂ ಇಲ್ಲದ, ನೋಡಿದ ಕೂಡಲೇ ಡಮ್ಮಿ ಎಂದು ತಿಳಿಯುವಂಥವು. ನಿಜ ತೋಟೆಯನ್ನು ಅಂಗಡಿಯೊಳಗೆ ಎಂದಿಗೂ ಹಾಕಬೇಡಿ. ಒಪ್ಪಿಗೆ ಸಿಕ್ಕರೆ ಡಮ್ಮಿ ತುಂಬಿ ಓಡಿಸಿ. ತೊಟ್ಟಿಲು ಮೇಲೆ ಬರಬೇಕು, ತೋಟೆ ನೇರ ಗೂಡಿಗೆ ಹೋಗಬೇಕು, ವಾಪಸ್ ಎಳೆದಾಗ ಹೊರಗೆ ಹಾರಬೇಕು. ಮಾರ್ಲಿನ್‌ನಲ್ಲಿ ಒಂದು ಹೆಸರಾಂತ ರೋಗ ಇದೆ. ಲಿವರ್‌ನ ಒಳತುದಿಯ ಚೂಪು ಅಂಚು ತೊಟ್ಟಿಲಿನ ಕೆಳಗೆ ಉಜ್ಜಿ ಉಜ್ಜಿ ಒಂದು ಕಚ್ಚು ಕೊರೆಯುತ್ತದೆ. ಆಮೇಲೆ ಎರಡನೆಯ ತೋಟೆ ನುಸುಳಿ ಬಂದು ಎಲ್ಲ ಬಿಗಿದುಕೊಳ್ಳುತ್ತದೆ. ನನಗೆ ಆದದ್ದು ಅದೇ. ಲಿವರ್ ಇಳಿಸಿ, ತೊಟ್ಟಿಲಿನ ತಳಕ್ಕೆ ಟಾರ್ಚ್ ಬಿಟ್ಟು ನೋಡಿದರೆ ಕಚ್ಚು ಕಾಣುತ್ತದೆ. ರಿಪೇರಿ ಆಗುತ್ತದೆ, ಆದರೆ ಅದರ ಖರ್ಚು ಬೆಲೆಯಲ್ಲಿ ಇಳಿಯಬೇಕು.

ಕೊನೆಗೆ ಕುದುರೆ. ಹ್ಯಾಮರ್‌ಗೆ ನಮ್ಮ ಕಡೆಯ ಹೆಸರು ಅದು. ಖಾಲಿ ರೈಫಲ್‌ನಲ್ಲಿ ಕುದುರೆಯನ್ನು ಪೂರ್ತಿ ಏರಿಸಿ, ಹೆಬ್ಬೆರಳಿನಿಂದ ಹಿಂದಿನಿಂದ ಮೆಲ್ಲಗೆ ಒತ್ತಿ. ಟ್ರಿಗರ್ ಮುಟ್ಟದೆ ಅದು ಬಿದ್ದರೆ ರೈಫಲ್ ಅಲ್ಲೇ ಇಟ್ಟು ಬನ್ನಿ. ಅರ್ಧ ಏರಿಸಿ ನಿಲ್ಲಿಸುವ ಮೆಟ್ಟಿಲು ಇದ್ದರೆ ಅಲ್ಲಿಂದಲೂ ಬೀಳಬಾರದು. ಅನುಮಾನ ಇದ್ದರೆ ಕೊಂಡ ಮೇಲೆ, ಹೊಡೆಯುವ ಮೊದಲು, ಗನ್‌ಸ್ಮಿತ್ (ಕೋವಿ ರಿಪೇರಿ ಮಾಡುವವರು) ಹತ್ತಿರ ಗೇಜ್ ಹಾಕಿಸಿ ಗೂಡಿನ ಅಳತೆ ನೋಡಿಸಿ.

ದುಡ್ಡು ಮತ್ತು ಫಾರ್ಮು

ದೋಷಗಳನ್ನು ಮರ್ಯಾದೆಯಿಂದ ತೋರಿಸಿ, ಒಂದೇ ಬೆಲೆ ಹೇಳಿ, ಸುಮ್ನಿರಿ. ಅಂಗಡಿಯಲ್ಲಿ 4473 ಎಂಬ ಫಾರ್ಮ್ ತುಂಬಬೇಕು. ವಿಳಾಸ ಗುರುತಿನ ಚೀಟಿಯಲ್ಲಿ ಇದ್ದಂತೆಯೇ ಇರಲಿ. ಗ್ರೀನ್ ಕಾರ್ಡ್‌ನವರು ತಮ್ಮ ಏಲಿಯನ್ ನಂಬರ್ ಬರೆಯಬೇಕು, ಕಾರ್ಡ್ ಜೊತೆಗಿರಲಿ. ಹಿನ್ನೆಲೆ ಪರೀಕ್ಷೆ ಕೆಲವು ನಿಮಿಷದಲ್ಲಿ ಮುಗಿಯಬಹುದು, "ತಡ" ಎಂದೂ ಬರಬಹುದು. ನಮ್ಮಂಥ ಹೆಸರಿನವರಿಗೆ ತಡ ಬಂದರೆ ಗಾಬರಿ ಬೇಡ. ಅದು ತಿರಸ್ಕಾರ ಅಲ್ಲ.

ರೇಂಜ್‌ನಲ್ಲಿ ಮೊದಲ ದಿನ

ಮನೆಯಲ್ಲಿ ಮೊದಲು ಒರೆಸಿ, ಹಳೆಯ ಅಂಟು ಎಣ್ಣೆ ತೆಗೆದು, ಹೊಸ ಎಣ್ಣೆ ಎರಡೇ ಹನಿ ಹಾಕಿ. ಕಿವಿಗೂ ಕಣ್ಣಿಗೂ ರಕ್ಷಣೆ ಕಡ್ಡಾಯ.

ಕೊಳವೆಯಲ್ಲಿ ತೋಟೆಗಳು ಒಂದರ ಹಿಂದೆ ಒಂದು ಮಲಗಿರುತ್ತವೆ. ಹಿಂದಿನ ತೋಟೆಯ ಮೂತಿ ಮುಂದಿನದರ ಕೇಪಿಗೆ ತಾಗಿರುತ್ತದೆ. ಹಾಗಾಗಿ ಚೂಪು ಮೂತಿಯ ಗಟ್ಟಿ ಗುಂಡು ಹಾಕಲೇಬಾರದು. ಒದೆತಕ್ಕೆ ಕೇಪು ಕುಟ್ಟಿ ಒಳಗೇ ಸಿಡಿಯಬಹುದು. ಚಪ್ಪಟೆ ಮೂತಿಯದನ್ನೇ ಕೊಳ್ಳಿ. ಚೂಪಾದರೂ ಮೆತ್ತನೆ ತುದಿಯ, ಲಿವರ್ ರೈಫಲ್‌ಗೆಂದೇ ಮಾಡಿದ ಹಾರ್ನಡಿ ತೋಟೆಗಳು ಮಾತ್ರ ಇದಕ್ಕೆ ಹೊರತು.

ಮೊದಲ ಸಲ ಒಂದೇ ತೋಟೆ ಹಾಕಿ ಹೊಡೆಯಿರಿ. ಖಾಲಿ ಕೇಸ್ ಎತ್ತಿ ನೋಡಿ. ಉಬ್ಬಿಲ್ಲ, ಸೀಳಿಲ್ಲ, ಕೇಪು ಹೊರಗೆ ತಳ್ಳಿಕೊಂಡಿಲ್ಲ ಅಂದರೆ ಎರಡು ತುಂಬಿ. ಆಮೇಲೆ ಐದು. 25 ಗಜದಲ್ಲಿ ಸೈಟ್ ಸರಿಮಾಡಿ, ಮತ್ತೆ 50ಕ್ಕೆ ಹೋಗಿ. ಗುಂಡು ಎಡಕ್ಕೆ ಬೀಳುತ್ತಿದ್ದರೆ ಹಿಂದಿನ ಸೈಟನ್ನು ಬಲಕ್ಕೆ ಸರಿಸಿ. ಗುಂಡು ಹೋಗಬೇಕಾದ ಕಡೆಗೇ ಹಿಂದಿನ ಸೈಟ್ ಹೋಗಬೇಕು. .38 ಮತ್ತು .357 ಒಂದೇ ಜಾಗಕ್ಕೆ ಬೀಳುವುದಿಲ್ಲ. ಯಾವುದನ್ನು ಜಾಸ್ತಿ ಹೊಡೆಯುತ್ತೀರೋ ಅದಕ್ಕೆ ಸೈಟ್ ಹೊಂದಿಸಿ, ಇನ್ನೊಂದರ ವ್ಯತ್ಯಾಸ ಬರೆದಿಟ್ಟುಕೊಳ್ಳಿ.

ಒಂದೊಂದು ರೈಫಲ್‌ಗೆ ಒಂದೊಂದು ರುಚಿ. 1873 ಮಾದರಿಗೆ ತೋಟೆಯ ಉದ್ದ ಸರಿಯಾಗಿರಲೇಬೇಕು. ಅದರ ತೊಟ್ಟಿಲು ತೋಟೆಯನ್ನು ನೇರ ಮೇಲೆತ್ತುತ್ತದೆ. ತೋಟೆ ತೀರಾ ಗಿಡ್ಡವಾದರೆ ಹಿಂದಿನದು ಅರ್ಧ ನುಗ್ಗಿ ಸಿಕ್ಕಿಕೊಳ್ಳುತ್ತದೆ. ಮಾರ್ಲಿನ್ .44ರ ನಳಿಗೆಯ ತಿರುವು 38 ಇಂಚಿಗೆ ಒಂದು ಸುತ್ತು, ನಿಧಾನದ್ದು. ತೀರಾ ಭಾರದ ಗುಂಡು ಅದರಲ್ಲಿ ನೆಟ್ಟಗೆ ಹೋಗದು, 240 ಗ್ರೇನ್ ಸುಖವಾಗಿ ಹೋಗುತ್ತದೆ. ಮೂರು ನಾಲ್ಕು ಬಗೆಯ ತೋಟೆಯ ಒಂದೊಂದು ಡಬ್ಬಿ ತಂದು ಯಾವುದು ಒಪ್ಪುತ್ತದೆ ನೋಡಿ. ಆ ಹುಡುಕಾಟವೇ ಅರ್ಧ ಸಂತೋಷ.

ಹೊಡೆದ ಮೇಲೆ ತಿನ್ನುವ ಮೊದಲು ತಣ್ಣೀರು, ಸೋಪಿನಲ್ಲಿ ಕೈ ತೊಳೆಯಿರಿ. ಸೀಸ ಹೊಟ್ಟೆಗೆ ಹೋಗಬಾರದು.

ಇನ್ನೊಂದು, ನಮ್ಮವರಿಗೆ ಮಾತ್ರ ಹೇಳಬೇಕಾದ ಮಾತು. ರೇಂಜ್‌ಗೆ ಒಯ್ಯುವ ಚೀಲ ಬೇರೆ, ಬೆಂಗಳೂರಿಗೆ ಹೋಗುವಾಗ ಹೆಗಲಿಗೆ ಹಾಕುವ ಚೀಲ ಬೇರೆ ಇರಲಿ. ಯಾವುದೋ ಜೇಬಿನ ಮೂಲೆಯಲ್ಲಿ ಉಳಿದ ಒಂದೇ ಒಂದು ತೋಟೆ ಭಾರತದ ವಿಮಾನ ನಿಲ್ದಾಣದಲ್ಲಿ ಸಿಕ್ಕರೆ ಆರ್ಮ್ಸ್ ಆಕ್ಟ್ ಪ್ರಕಾರ ಕೇಸ್ ಆಗುತ್ತದೆ. ಮರೆತೆ ಎಂದು ಅಲ್ಲಿ ವಿವರಿಸುವ ಪಾಡು ಬೇಡ.

ಒರೆಸುವುದು

ಮಾರ್ಲಿನ್ ಇದರಲ್ಲಿ ಸುಲಭ. ಲಿವರ್‌ನ ಒಂದು ಸ್ಕ್ರೂ ಬಿಚ್ಚಿದರೆ ಲಿವರ್ ಬರುತ್ತದೆ, ಬೋಲ್ಟ್ ಹಿಂದಕ್ಕೆ ಜಾರಿ ಬರುತ್ತದೆ, ನಳಿಗೆಯನ್ನು ಹಿಂದಿನಿಂದಲೇ ಒರೆಸಬಹುದು. ಕೇಸ್ ಹೊರಗೆ ಹಾರಿಸುವ ಪುಟ್ಟ ತುಂಡು ಒಳಗೆ ಸಡಿಲವಾಗಿ ಬೀಳುತ್ತದೆ, ಅದನ್ನು ಎತ್ತಿ ಬಟ್ಟಲಲ್ಲಿ ಇಡಿ. ರೋಸಿ 92ನ್ನು ಪ್ರತಿ ಸಲ ಬಿಚ್ಚುವುದು ಬೇಡ. ನಳಿಗೆಯ ಬಾಯಿಂದ ಒರೆಸಬೇಕು, ಬಾಯಂಚು ಸವೆಯದಂತೆ ಕಡ್ಡಿಗೆ ಗಾರ್ಡ್ ಹಾಕಿ. ಸ್ಕ್ರೂಗೆ ಸರಿಯಾಗಿ ಕೂರುವ ಗನ್‌ಸ್ಮಿತ್ ಸ್ಕ್ರೂಡ್ರೈವರ್ ಕೊಳ್ಳಿ. ಅಡುಗೆಮನೆಯ ಡ್ರಾಯರಿನದು ಬೇಡ.

ಮನೆಯಲ್ಲಿ ಮಕ್ಕಳಿದ್ದರೆ ಬೀಗದ ಪೆಟ್ಟಿಗೆ ರೈಫಲ್‌ಗಿಂತ ಮೊದಲು ಬರಲಿ. ತೋಟೆ ಬೇರೆ ಕಡೆ, ಬೇರೆ ಬೀಗದಲ್ಲಿ.

ಇನ್ನು ಆಟ

ದೊಡ್ಡ ಮಜಾ ಅಂದರೆ ಉಕ್ಕಿನ ತಗಡು. ಸೀಸದ ಗುಂಡು, ಮೃದು ಮದ್ದಿನ .38, 50 ಗಜ. ಹೊಡೆದ ಕ್ಷಣಕ್ಕೆ ಸ್ವಲ್ಪ ತಡೆದು ಗಂಟೆ ಹೊಡೆದಂತೆ "ಟಣ್" ಎಂದು ಕೇಳುತ್ತದೆ. 100 ಗಜಕ್ಕೆ ಹೋದರೆ ಗುಂಡು ಎಷ್ಟು ಇಳಿಯುತ್ತದೆ ಎಂದು ಮನಸ್ಸಲ್ಲೇ ಲೆಕ್ಕ ಹಾಕಬೇಕು. ಅಲ್ಲಿ ತಗಡು ಸದ್ದು ಮಾಡಿದರೆ ದಿನವಿಡೀ ನೆನಪಿರುತ್ತದೆ.

ಜೊತೆ ಬೇಕು ಅನ್ನಿಸಿದರೆ ಕೌಬಾಯ್ ಆಕ್ಷನ್ ಶೂಟಿಂಗ್ ಇದೆ. ಎಸ್‌ಎಎಸ್‌ಎಸ್ (ಸಿಂಗಲ್ ಆಕ್ಷನ್ ಶೂಟಿಂಗ್ ಸೊಸೈಟಿ) ಎಂಬ ಸಂಸ್ಥೆ 1987ರಿಂದ ನಡೆಸುತ್ತಿದೆ, ದೇಶದ ತುಂಬ ಕ್ಲಬ್ಬುಗಳಿವೆ. ಎರಡು ರಿವಾಲ್ವರ್, ಒಂದು ಶಾಟ್‌ಗನ್, ಮತ್ತೆ ನಮ್ಮ ಈ ರೈಫಲ್. ಮುಖ್ಯ ಪಂದ್ಯದಲ್ಲಿ ರೈಫಲ್‌ಗೆ ರಿವಾಲ್ವರ್ ತೋಟೆಯೇ ಬೇಕು. ಗುಂಡು ಸೀಸದ್ದೇ ಆಗಿರಬೇಕು, ರೈಫಲ್‌ನಲ್ಲಿ ವೇಗ ಸೆಕೆಂಡಿಗೆ 1,400 ಅಡಿ ಮೀರಬಾರದು. ಹಳೆಯ ಕಾಲದ ಬಟ್ಟೆ, ಪ್ರತಿಯೊಬ್ಬರಿಗೂ ಬೇರೆ ಯಾರಿಗೂ ಇಲ್ಲದ ಒಂದು ಅಡ್ಡಹೆಸರು. ಮೊದಲ ಸಲ ಬರೀ ನೋಡಲು ಹೋಗಿ. ಅಲ್ಲಿನ ಹಿರಿಯರು ತಮ್ಮ ರೈಫಲ್ ಕೊಟ್ಟು "ಹೊಡೆದು ನೋಡಿ" ಎನ್ನುತ್ತಾರೆ. ನಾಲ್ಕು ಬಗೆಯ ಲಿವರ್ ಒಂದೇ ದಿನ ಕೈಗೆ ಸಿಗುವ ಜಾಗ ಅದು. ಕೊಳ್ಳುವ ಮೊದಲೇ ಹೋಗಿದ್ದರೆ ನನ್ನ ಆರು ವಾರ ಉಳಿಯುತ್ತಿತ್ತು.

ಬೇಟೆಗೆ ಹೋಗುವವರು .44ನ್ನು, ಒಳ್ಳೆಯ ಗುಂಡಿನ .357ನ್ನು 100 ಗಜದ ಒಳಗೇ ಇಟ್ಟುಕೊಳ್ಳಿ. ಒಹಾಯೋ, ಅಯೋವಾದಂಥ ರಾಜ್ಯಗಳು ಜಿಂಕೆ ಬೇಟೆಗೆ ನೇರ ಗೋಡೆಯ, ಅಂದರೆ ಕತ್ತಿನಲ್ಲಿ ಕಿರಿದಾಗದ, ತೋಟೆಯ ರೈಫಲ್‌ಗೆ ಅವಕಾಶ ಕೊಟ್ಟ ಮೇಲೆ ಅಲ್ಲಿ ಇವಕ್ಕೆ ಹೊಸ ಬೇಡಿಕೆ ಬಂದಿದೆ. ಯಾವ ತೋಟೆಗೆ ಒಪ್ಪಿಗೆ ಇದೆ ಎಂದು ಆ ವರ್ಷದ ನಿಯಮದ ಪುಸ್ತಕದಲ್ಲೇ ನೋಡಿ.

ಕಳೆದ ಬೇಸಿಗೆಯಲ್ಲಿ ಅಪ್ಪ ಬಂದಿದ್ದರು, ವಿಸಿಟರ್ ವೀಸಾದಲ್ಲಿ. ರೇಂಜ್‌ಗೆ ಕರೆದೊಯ್ದೆ. ಕೊಡಗಿನಲ್ಲಿ ಎಪ್ಪತ್ತು ವರ್ಷ ಕೋವಿ ಜೊತೆ ಬದುಕಿದವರು ಇಲ್ಲಿ ಅದನ್ನು ಮುಟ್ಟುವ ಹಾಗಿಲ್ಲ ಎಂದಾಗ ಅವರು ಏನೂ ಬೇಸರ ಮಾಡಿಕೊಳ್ಳಲಿಲ್ಲ. ಹಳದಿ ಗೆರೆಯ ಹಿಂದೆ ಬೆಂಚಿನಲ್ಲಿ ಕಿವಿಗೆ ಮಫ್ ಹಾಕಿಕೊಂಡು ಕೂತರು. ನಾನು ರೈಫಲ್ ತೆಗೆದ ಕೂಡಲೇ ಹಿಂದಿನಿಂದ ಕೂಗಿದರು, "ಬಿಚ್ಚಿ ನೋಡಿದ್ಯಾ?" ನೋಡಿದೆ. ಹತ್ತು .38 ತುಂಬಿ, ನಿಧಾನಕ್ಕೆ ಲಿವರ್ ಎಳೆಯುತ್ತಾ ಹೊಡೆದೆ. ಅಪ್ಪ ಬೆರಳು ಮಡಚಿ ಎಣಿಸುತ್ತಿದ್ದರು. ಕೊನೆಗೆ ತಿರುಗಿ ನೋಡಿದರೆ ಎಂಟು ಬೆರಳು ಎತ್ತಿ ತೋರಿಸಿದರು.